ಎಂಜಲಿನಿಂದ ಬಂದದ್ದಲ್ಲ

ಗುರುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಕ್ಷೇಮವೇ ಎಂದು ಕೇಳಿ ಶುರುಮಾಡಿದರೆ ನೀನು ಕಾಗದವನ್ನು ಅಲ್ಲಿಗೇ ಮಡಚಿ ದಿಂಬಿನ ಕೆಳಗೆ ತಳ್ಳುತ್ತೀಯ. ಅದಕ್ಕೇ ಕೇಳುತ್ತಿಲ್ಲ. ನಿನ್ನ ಪತ್ರ ಸೋಮವಾರ ಕೈಸೇರಿತು. ಅಂದಿನಿಂದ ಕೈಚೀಲದಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದೇನೆ. ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ ತೆಗೆದು ಓದುವುದು, ಮತ್ತೆ ಒಳಗಿಡುವುದು. ಇವತ್ತು ನಾವು ಜೀವಕೋಶಗಳನ್ನು ಬೆಳೆಸುವ ಕೋಣೆಯನ್ನು ಶುಚಿ ಮಾಡಲೆಂದು ಮುಚ್ಚಿದ್ದಾರೆ. ಒಳಗೆಲ್ಲ ಔಷಧಿಯ ಹೊಗೆ; ಸಂಜೆಯವರೆಗೆ ಯಾರೂ ಕಾಲಿಡುವಂತಿಲ್ಲ. ಕೈಗವಸಿನ ಡಬ್ಬಿಗಳನ್ನು ಪೇರಿಸಿಟ್ಟ ಸಾಮಾನಿನ ಕೋಣೆಯಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದೇನೆ.

ದಣಿದಿದ್ದೇನೆ ಅಕ್ಕಾ. ನಿನ್ನ ಮುಂದೆ ಆ ಮಾತಾಡಲು ನಾಚಿಕೆಯಾಗುತ್ತದೆ. ಆದರೆ ನೀನೇ ಬರೆದಿದ್ದೀಯಲ್ಲ, ಬಣ್ಣ ಹಚ್ಚದೆ ಬರಿ ಅಂತ. ಫೋನಿನಲ್ಲೇ ಟೈಪ್ ಮಾಡಿ ಕಳಿಸು ಎಂದು ನಾನು ಹೇಳಿದರೆ ನೀನು ಬೇಡವೆಂದೆ. ಮನೆಯಲ್ಲಿ ಫೋನು ಎಲ್ಲರ ಕೈಗೂ ಹೋಗುತ್ತದೆ, ಮಗ ನೋಡುತ್ತಾನೆ, ಸೊಸೆ ನೋಡುತ್ತಾಳೆ, ಆಮೇಲೆ ಎಲ್ಲರೂ ಬಂದು ಮುಖ ನೋಡುತ್ತಾರೆ ಅಂತ. ಸರಿ. ಕಾಗದವಾದರೆ ನಮ್ಮಿಬ್ಬರದೇ.

ನೀನು ಬರೆದದ್ದು ಮೂರೇ ವಿಷಯ. ಒಂದು, ಕತ್ತಿನಲ್ಲಿ ಹೊಸ ಗಂಟು ಬಂದರೂ ಇನ್ನು ಆಸ್ಪತ್ರೆಗೆ ಬರುವುದಿಲ್ಲ, ಸಾಕು. ಇನ್ನೊಂದು, ನಾಲಗೆಯ ಆಪರೇಷನ್ ಆದಾಗಿನಿಂದ ಭಾವ ಮುಂದಿನ ಕೋಣೆಯಲ್ಲಿ ಮಲಗುತ್ತಾರೆ, ತಟ್ಟೆ ಲೋಟ ಬೇರೆ ಮಾಡಿಕೊಂಡಿದ್ದಾರೆ, ನಿನ್ನ ಬಾಯಿ ಕಂಡರೆ ಅವರಿಗೆ ಅಸಹ್ಯ. ಕೊನೆಗೆ ಆ ಪ್ರಶ್ನೆ: ಜೀವಮಾನದಲ್ಲಿ ಒಂದು ಚಿಟಿಕೆ ತಂಬಾಕು ಮುಟ್ಟಿದವಳಲ್ಲ ನಾನು, ಅಗಿಯುವವರೆಲ್ಲ ಗುಂಡುಕಲ್ಲಿನ ಹಾಗಿದ್ದಾರೆ, ನನಗೇಕೆ ಈ ಕ್ಯಾನ್ಸರು ಬಂತು? ನೀನು ಅದೇ ಕೆಲಸದಲ್ಲಿದ್ದೀಯ, ನಿನಗಾದರೂ ಗೊತ್ತಿರಬೇಕು.

ಕೊನೆಯದರಿಂದಲೇ ಶುರುಮಾಡುತ್ತೇನೆ. ಉಳಿದೆರಡಕ್ಕಿಂತ ಅದು ಸುಲಭ.

ನಮ್ಮ ಬಾಯಿಯ ಒಳಚರ್ಮ ಪದರ ಪದರವಾಗಿದೆ. ಮೇಲಿನ ಪದರ ಊಟ ಮಾಡುವಾಗ, ಮಾತಾಡುವಾಗ ಸವೆದು ಉದುರುತ್ತಲೇ ಇರುತ್ತದೆ. ದಿನಾ ಮೂರು ಹೊತ್ತು ಮೈಕಿನ ಮುಂದೆ ಕೂತು ಯಾವ ಬಸ್ಸು ಎಷ್ಟನೆಯ ಅಂಕಣಕ್ಕೆ ಬರುತ್ತದೆ ಎಂದು ಕೂಗುತ್ತಿದ್ದ ನಿನ್ನ ಬಾಯಲ್ಲಂತೂ ಇನ್ನೂ ಜಾಸ್ತಿಯೇ ಸವೆದಿರಬೇಕು ಎಂದು ನಾನು ತಮಾಷೆ ಮಾಡಬಹುದಿತ್ತು; ಹಾಗೇನೂ ಇಲ್ಲ, ಎಲ್ಲರಿಗೂ ಒಂದೇ. ಸವೆದದ್ದನ್ನು ತುಂಬುವುದು ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿರುವ ಕೆಲವು ಕೋಶಗಳು. ಪುಸ್ತಕದಲ್ಲಿ ಕಾಂಡಕೋಶ ಎನ್ನುತ್ತಾರೆ. ನಾವು ಇಲ್ಲಿ ತಾಯಿಕೋಶ ಎಂದೇ ಕರೆಯುವುದು. ಸುಮ್ಮನೆ ಕೂತಿರುತ್ತವೆ, ಗಾಯವಾದರೆ ಎದ್ದು ಎರಡಾಗುತ್ತವೆ, ಒಂದು ಮೇಲೆ ಹೋಗುತ್ತದೆ, ಒಂದು ಅಲ್ಲೇ ಉಳಿಯುತ್ತದೆ. ಎರಡಾಗುವಾಗ ಒಳಗಿರುವ ಬರಹವನ್ನೆಲ್ಲ ನಕಲು ಮಾಡಬೇಕು. ನಕಲಿನಲ್ಲಿ ತಪ್ಪಾಗುತ್ತದೆ. ಹೆಚ್ಚಿನ ತಪ್ಪುಗಳನ್ನು ಕೋಶವೇ ತಿದ್ದಿಕೊಳ್ಳುತ್ತದೆ. ತಿದ್ದಲಾಗದಷ್ಟು ಕೆಟ್ಟುಹೋದದ್ದನ್ನು ಮೈಯಲ್ಲಿ ಸುತ್ತುತ್ತಿರುವ ಕಾವಲು ಕೋಶಗಳು ಬಹಳ ಸಲ ಗುರುತಿಸಿ ಮುಗಿಸುತ್ತವೆ. ರೋಗನಿರೋಧಕ ಶಕ್ತಿ ಎನ್ನುತ್ತೇವಲ್ಲ, ಅದರಲ್ಲಿ ಇದೂ ಒಂದು ಕೆಲಸ.

ನಿನ್ನ ವಿಷಯದಲ್ಲಿ ಎಡವಟ್ಟಾದದ್ದು ಈ ಕಾವಲಿನಲ್ಲೇ. ನೆನಪಿದೆಯಾ, ನಿನ್ನ ಮಗ ಹೈಸ್ಕೂಲಿನಲ್ಲಿದ್ದಾಗ ಕನ್ನಡಿ ಮುಂದೆ ಕೆನ್ನೆ ಎಳೆದು ನನ್ನನ್ನು ಕರೆದೆ, ಒಳಗೆ ಯಾರೋ ಲೇಸು ಹೆಣೆದ ಹಾಗಿದೆ ನೋಡು ಅಂತ. ಬಿಳಿ ಬಿಳಿ ಗೆರೆ. ನಾಲಗೆಯ ಬದಿಯಲ್ಲೂ ಇತ್ತು. ಖಾರ ತಗುಲಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಹಲ್ಲಿನ ಡಾಕ್ಟರು ಮುಲಾಮು ಕೊಟ್ಟು, ಇದು ಅಂಟುರೋಗವಲ್ಲ, ಆಗಾಗ ಬಂದು ತೋರಿಸಿ ಎಂದಿದ್ದರು. ನೀನು ತೋರಿಸುತ್ತಲೂ ಇದ್ದೆ. ಆ ಗೆರೆಗಳೆಂದರೆ, ನಿನ್ನದೇ ಕಾವಲು ಕೋಶಗಳು ಏನೋ ತಪ್ಪು ತಿಳಿದು ಆ ಕೆಳಗಿನ ಸಾಲಿನ ಮೇಲೆ ಬಿದ್ದು ಬಡಿಯುತ್ತಿದ್ದ ಗುರುತು. ವರ್ಷಗಟ್ಟಲೆ ಬಡಿದವು. ಗಾಯವಾದಂತೆಲ್ಲ ತಾಯಿಕೋಶಗಳು ಎದ್ದು ರಿಪೇರಿ ಮಾಡಿದವು. ರಿಪೇರಿ ಹೆಚ್ಚಿದಷ್ಟೂ ನಕಲು ಹೆಚ್ಚು, ನಕಲು ಹೆಚ್ಚಿದಷ್ಟೂ ತಪ್ಪು ಹೆಚ್ಚು. ಈ ಗೆರೆ ಇರುವ ನೂರು ಜನರಲ್ಲಿ ತೊಂಬತ್ತೊಂಬತ್ತು ಮಂದಿ ಆ ಗೆರೆ ಇಟ್ಟುಕೊಂಡೇ ಮುದುಕರಾಗುತ್ತಾರೆ. ಒಬ್ಬರಿಗೆ, ಎಲ್ಲೋ ಒಂದು ಕೋಶ ದಾರಿ ತಪ್ಪಿ ಗಂಟಾಗುತ್ತದೆ. ಅಷ್ಟು ಹೊತ್ತಿಗೆ ಕಾವಲು ಕೋಶಗಳೂ ಬಡಿದು ಬಡಿದು ಸೋತಿರುತ್ತವೆ. ಹಾಗೆ ಸೋತು ನಿಂತ ಕೋಶಗಳಿಗೆ ನಮ್ಮ ಪುಸ್ತಕಗಳಲ್ಲಿ ‘ದಣಿದವು’ ಎಂದೇ ಹೆಸರು, ನಾನು ಕಟ್ಟಿದ ಮಾತಲ್ಲ. ಗಂಟು ಕೂಡ ಮೋಸಗಾರ. ನಾನು ನಿಮ್ಮವನೇ, ಮುಟ್ಟಬೇಡಿ ಎನ್ನುವಂಥ ಗುರುತನ್ನು ಮೈಮೇಲೆ ಹಾಕಿಕೊಂಡಿರುತ್ತದೆ. ಕಾವಲು ಕೋಶಗಳು ಸುತ್ತಲೂ ನಿಂತು ನೋಡುತ್ತವೆ, ಒಳಗೆ ಹೋಗುವುದಿಲ್ಲ.

ಇಷ್ಟೇ ಅಕ್ಕಾ. ನೀನು ಮಾಡಿದ್ದು ಏನೂ ಇಲ್ಲ. ಬಿಟ್ಟಿದ್ದೂ ಏನೂ ಇಲ್ಲ.

ಮೊದಲ ದಿನ ಹೊರರೋಗಿ ವಿಭಾಗದಲ್ಲಿ ಆ ಹುಡುಗ ಡಾಕ್ಟರು ತಲೆ ಎತ್ತದೆ, ಎಷ್ಟು ವರ್ಷದಿಂದ ಹಾಕ್ತೀರಿ ಎಂದು ಕೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ನೀನು ಇಲ್ಲ ಎಂದೆ. ಅವನು ‘ಇಲ್ಲ ಎನ್ನುತ್ತಾರೆ’ ಎಂದು ಬರೆದುಕೊಂಡ. ನೀನು ಬಗ್ಗಿ ಅದನ್ನು ಓದಿ, “ಎನ್ನುತ್ತಾರೆ ಅಂತ ಯಾಕೆ ಬರೀತೀಯಪ್ಪ? ಇಲ್ಲ ಅಂದ್ರೆ ಇಲ್ಲ,” ಎಂದೆ. ನಿನ್ನ ಪೂರ್ತಿ ನಾಲಗೆಯಲ್ಲಿ ನೀನು ಯಾರನ್ನಾದರೂ ಗದರಿದ್ದು ಅದೇ ಕಡೆಯ ಸಲವಿರಬೇಕು. ಅವನದೂ ತಪ್ಪಲ್ಲ. ಅವನ ಕೋಣೆಗೆ ಬರುವ ಬಾಯಿಗಳಲ್ಲಿ ಮುಕ್ಕಾಲು ಪಾಲು ತಂಬಾಕಿನವೇ. ತಂಬಾಕು ಆ ಕೆಳಗಿನ ಸಾಲನ್ನು ಸುಡುತ್ತದೆ, ಕಾವಲನ್ನೂ ಕುರುಡು ಮಾಡುತ್ತದೆ. ಭಾವನಿಗೆ ಇಷ್ಟು ವರ್ಷ ಏನೂ ಆಗದೆ ಉಳಿದದ್ದು ಅದೃಷ್ಟ, ನಿನಗೆ ಆದದ್ದು ದುರದೃಷ್ಟ. ಅದೃಷ್ಟ ಎಂದು ಬರೆಯಲು ಇಷ್ಟೆಲ್ಲ ಓದಬೇಕಿತ್ತಾ ಎಂದು ನೀನು ಕೇಳಬಹುದು. ನನಗೂ ಹಾಗೇ ಅನ್ನಿಸುತ್ತದೆ.

ಇನ್ನು ನಿನಗೆ ಇಲ್ಲಿಯವರೆಗೆ ಹೇಳದ ಒಂದು ಮಾತು.

ಆಪರೇಷನ್ನಿಗೆ ಮುಂಚೆ ನಿನ್ನನ್ನು ಕೇಳಿದ್ದರು, ತೆಗೆದ ಗಂಟಿನ ಒಂದು ಚೂರನ್ನೂ ಸ್ವಲ್ಪ ರಕ್ತವನ್ನೂ ಸಂಶೋಧನೆಗೆ ಕೊಡುತ್ತೀರಾ ಅಂತ. ತಗೊಳ್ಳಲಿ, ನಾನೇನು ಅದನ್ನ ಡಬ್ಬಿಯಲ್ಲಿಟ್ಟು ಮನೆಗೆ ಒಯ್ಯಬೇಕಾ ಎಂದು ಸಹಿ ಹಾಕಿದೆ. ಆ ಚೂರು ಬಂದದ್ದು ನನ್ನ ಮೇಜಿಗೆ. ನಮಗೆ ಹೆಸರು ಬರುವುದಿಲ್ಲ, ಬರೀ ನಂಬರು. ಜೊತೆಗೆ ವಯಸ್ಸು, ಹೆಂಗಸು, ನಾಲಗೆಯ ಎಡಬದಿ, ತಂಬಾಕಿಲ್ಲ. ಆವತ್ತು ಅಂಥ ಆಪರೇಷನ್ ಆದದ್ದು ನಿನ್ನದೊಂದೇ. ಹೊರಗಿನ ಬೆಂಚಿನಲ್ಲಿ ಭಾವನ ಪಕ್ಕ ಕೂತಿದ್ದವಳು ನಾನೇ. ಮರುದಿನ ಕೆಲಸಕ್ಕೆ ಬಂದು ಸೀಸೆ ನೋಡಿದ ಕೂಡಲೇ ಗೊತ್ತಾಯಿತು. ಸೀದಾ ನಮ್ಮ ಮೇಡಂ ಹತ್ತಿರ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು, ಬೇರೆಯವರಿಗೆ ಕೊಡೋಣ, ನೀನು ಮುಟ್ಟುವುದು ಬೇಡ ಎಂದರು. ನಾನೇ ಮಾಡುತ್ತೇನೆ ಎಂದೆ. ಬೇರೆಯವರು ಶನಿವಾರ ಬೇಗ ಮನೆಗೆ ಹೋಗಬಹುದು, ಮರೆಯಬಹುದು. ಆಗ ನನಗೆ ಬಂದ ಯೋಚನೆ ಅದೊಂದೇ. ಈಗ ನಗು ಬರುತ್ತದೆ. ನಿನ್ನನ್ನು ತಿನ್ನುತ್ತಿರುವುದಕ್ಕೆ ಹೊತ್ತುಹೊತ್ತಿಗೆ ಊಟ ತಪ್ಪಬಾರದು ಎಂದು ಹಟ ಹಿಡಿದು ಕೂತೆ.

ಆ ಚೂರಿನ ಕೋಶಗಳು ನನ್ನ ಲ್ಯಾಬಿನ ತಟ್ಟೆಯಲ್ಲಿ ಬೆಳೆದವು. ಚೆನ್ನಾಗಿಯೇ ಬೆಳೆದವು. ದಿನ ಬಿಟ್ಟು ದಿನ ಹಳೆಯ ನೀರು ತೆಗೆದು ಹೊಸ ಗುಲಾಬಿ ದ್ರಾವಣ ಹಾಕುತ್ತೇನೆ, ಬೆಚ್ಚಗಿನ ಪೆಟ್ಟಿಗೆಯೊಳಗೆ ಇಡುತ್ತೇನೆ. ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ಅಂಗಳಕ್ಕೆ ಹಾಸಿದ ಕಲ್ಲಿನ ಹಾಗೆ ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ. ಒಮ್ಮೆ ಅವುಗಳ ಮೇಲೆ ನಿನಗೆ ಕೊಟ್ಟಿದ್ದ ಔಷಧಿಯನ್ನೇ ಹಾಕಿದೆವು. ಎರಡೇ ದಿನದಲ್ಲಿ ಗುಂಡಗೆ ಮುದುಡಿ ಕಿತ್ತುಕೊಂಡು ತೇಲಿದವು. ತಟ್ಟೆಯ ತಳ ಖಾಲಿ. ಅಕ್ಕಾ, ಹತ್ತು ವರ್ಷದಿಂದ ಈ ಪರೀಕ್ಷೆ ಮಾಡುತ್ತಿದ್ದೇನೆ. ಖಾಲಿ ಕಂಡದ್ದು ಖಾಲಿಯಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಆವತ್ತು ಅಂಗಡಿಯಿಂದ ಸಿಹಿ ಬಿಸ್ಕತ್ತಿನ ಪೊಟ್ಟಣ ತಂದು ಎಲ್ಲರಿಗೂ ಹಂಚಿದೆ. ಏನು ವಿಶೇಷ ಎಂದು ಕೇಳಿದರೆ, ಸುಮ್ಮನೆ ಎಂದೆ. ಕೆಲವು ವಾರ ಕಳೆದ ಮೇಲೆ ತಟ್ಟೆಯ ಒಂದು ಮೂಲೆಯಲ್ಲಿ ನಾಲ್ಕಾರು ಕೋಶಗಳ ಗುಂಪು ಕಂಡಿತು. ಔಷಧಿ ಹಾಕಿದಾಗ ನಿದ್ದೆ ಹೋದಂತೆ ಬಿದ್ದಿದ್ದವು. ಔಷಧಿ ಕೊಲ್ಲುವುದು ಓಡುತ್ತಿರುವುದನ್ನು. ಮಲಗಿರುವುದು ಅದರ ಕಣ್ಣಿಗೆ ಬೀಳುವುದಿಲ್ಲ. ಅವೇ ಕೆಟ್ಟ ತಾಯಿಕೋಶಗಳು. ಅವುಗಳಿಂದ ಮತ್ತೆ ತಟ್ಟೆ ತುಂಬಿತು. ಅದೇ ತಿಂಗಳು ನಿನ್ನ ಕತ್ತಿನ ಗಂಟು ಕೈಗೆ ಸಿಕ್ಕಿತು.

ಆ ಗಂಟಿನ ವಿಷಯ ನೀನು ಹೇಳಿದ ದಿನ ನಾನು ಫೋನಿನಲ್ಲಿ ಹೆಚ್ಚು ಮಾತಾಡದೆ ಇಟ್ಟುಬಿಟ್ಟೆ ಎಂದು ನಿನಗೆ ಬೇಜಾರಾಗಿತ್ತು. ಕಾರಣ ಇದು.

ಈಗ ಡಾಕ್ಟರು ಹೇಳುತ್ತಿರುವ ಹೊಸ ಔಷಧಿ ಬೇರೆ ಜಾತಿಯದು. ಅದು ಗಂಟನ್ನು ಮುಟ್ಟುವುದೇ ಇಲ್ಲ. ಆ ಸುಳ್ಳು ಗುರುತನ್ನು ಕಾವಲು ಕೋಶಗಳು ನಂಬದಂತೆ ಮಾಡುತ್ತದೆ, ಅವುಗಳ ಬ್ರೇಕು ಸಡಿಲಿಸುತ್ತದೆ. ಮೂರು ವಾರಕ್ಕೊಮ್ಮೆ ಹೋಗಿ ಒಂದಿಷ್ಟು ಹೊತ್ತು ಕೈಗೆ ಸೂಜಿ ಹಾಕಿಸಿಕೊಂಡು ಕೂರಬೇಕು. ಕೂದಲು ಹೋಗುವುದಿಲ್ಲ. ಎಲ್ಲರಿಗೂ ಫಲ ಕೊಡುತ್ತದೆ ಎಂದರೆ ಸುಳ್ಳಾಗುತ್ತದೆ. ಐದಾರು ಜನರಲ್ಲಿ ಒಬ್ಬರಿಗೆ ಗಂಟು ಕುಗ್ಗುತ್ತದೆ. ನಿನಗೆ ಇನ್ನೊಂದು ತೊಡಕೂ ಇದೆ. ಬ್ರೇಕು ಬಿಟ್ಟ ಕಾವಲು ಮೊದಲಿನಂತೆ ನಿನ್ನ ಮೇಲೆಯೇ ತಿರುಗಬಹುದು. ಆ ಬಿಳಿ ಗೆರೆ ಮತ್ತೆ ಉರಿಯಬಹುದು, ಹೊಟ್ಟೆ ಕೆಡಬಹುದು, ಅದಕ್ಕೇ ಅವರು ಆಗಾಗ ರಕ್ತ ನೋಡುತ್ತಾರೆ. ನಿನ್ನ ಕೋಶಗಳ ಜೊತೆ ನಿನ್ನದೇ ರಕ್ತದ ಕಾವಲು ಕೋಶಗಳನ್ನು ಬಿಟ್ಟು, ಈ ಔಷಧಿ ಹಾಕಿಯೂ ನೋಡಿದ್ದೇವೆ. ಏನಾಯಿತು ಎಂದು ಮಾತ್ರ ಬರೆಯುವುದಿಲ್ಲ. ಮೇಡಂ ಒಂದೇ ಮಾತು ಹೇಳಿದರು: “ತಟ್ಟೆ ಬೇರೆ, ಮೈ ಬೇರೆ. ನೀನು ಹೇಳಿದ್ರೆ ಅವರು ಅದನ್ನ ಮಾತು ಕೊಟ್ಟ ಹಾಗೆ ತಗೋತಾರೆ.” ಅವರು ಹೇಳಿದ್ದು ನಿಜ. ಒಳ್ಳೆಯದಾಗಿದ್ದರೂ ಬರೆಯುವುದಿಲ್ಲ, ಕೆಟ್ಟದಾಗಿದ್ದರೂ ಬರೆಯುವುದಿಲ್ಲ. ಇದೊಂದಕ್ಕೆ ನನ್ನನ್ನು ಒತ್ತಾಯ ಮಾಡಬೇಡ.

ಇನ್ನು ಭಾವನ ವಿಷಯ.

ಮಂಗಳವಾರ ಅವರು ಡ್ಯೂಟಿ ಎಂದು ಹೇಳಿ ಮನೆಯಿಂದ ಹೊರಟರಲ್ಲ, ಡ್ಯೂಟಿಗೆ ಹೋಗಲಿಲ್ಲ. ಇಲ್ಲಿಗೆ ಬಂದಿದ್ದರು. ಯಾರೋ ಗೇಟಿನ ಹತ್ತಿರ ತುಂಬ ಹೊತ್ತಿನಿಂದ ನಿಂತಿದ್ದಾರೆ, ಒಳಗೆ ಬನ್ನಿ ಎಂದರೆ ಬರುತ್ತಿಲ್ಲ ಎಂದು ಕಾವಲಿನವನು ಫೋನು ಮಾಡಿದ. ಹೋಗಿ ನೋಡಿದರೆ ಡ್ರೈವರ್ ಅಂಗಿಯಲ್ಲೇ ಇದ್ದರು, ಬಗಲಲ್ಲಿ ಊಟದ ಚೀಲ. ನಿನಗೇನೋ ಆಗಿದೆ ಎಂದುಕೊಂಡೆ. ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಟೀ ತರಿಸಿದೆ. ಕುಡಿಯಲಿಲ್ಲ. ಸುಮ್ಮನೆ ಲೋಟ ತಿರುಗಿಸುತ್ತ ಕೂತರು. ಆಮೇಲೆ, “ಪುಟ್ಟೀ, ಒಂದು ಕೇಳ್ತೀನಿ, ನಗಬಾರದು,” ಎಂದರು.

ನಗುವುದಿಲ್ಲ ಎಂದೆ.

“ನನ್ನ ಎಂಜಲಿಂದ ಬಂತಾ ಅವಳಿಗೆ?”

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಮದುವೆಯಾದ ಹೊಸತರಲ್ಲಿ ಅವರ ಬಸ್ಸು ಹೊರಡುವ ಮುಂಚೆ ನೀನು ಮೈಕಿನ ಕೋಣೆಯಿಂದ ಇಳಿದು ಬರುತ್ತಿದ್ದೆಯಂತೆ. ಒಂದು ಟೀ ತರಿಸಿ ಅರ್ಧ ಅವರು, ಅರ್ಧ ನೀನು, ಅದೇ ಲೋಟದಲ್ಲಿ. ಅಭ್ಯಾಸ ಹಾಗೇ ಉಳಿದುಹೋಯಿತಂತೆ. ದೂರದ ರೂಟಿನಲ್ಲಿ ನಿದ್ದೆ ಬರದಿರಲಿ ಎಂದು ಅಗಿಯುವುದು ಶುರುಮಾಡಿದ ಮೇಲೂ ಅದೇ ಲೋಟ.

“ಅಗಿಯೋನು ನಾನು, ಬಂದಿದ್ದು ಅವಳಿಗೆ. ಅಂದ್ರೆ ನನ್ನಿಂದ ತಾನೇ ದಾಟಿದ್ದು?”

“ಇಲ್ಲ ಭಾವಾ. ಇದು ಹಾಗೆ ದಾಟೋ ಕಾಯಿಲೆ ಅಲ್ಲ. ನಿಮ್ಮಿಂದ ಬಂದಿಲ್ಲ.”

“ನನಗೆ ಸಮಾಧಾನಕ್ಕೆ ಹೇಳ್ತಿಲ್ಲ ತಾನೇ?”

ಇಲ್ಲವೆಂದೆ. ನಿನಗೆ ಮೇಲೆ ಬರೆದದ್ದನ್ನೇ ಅವರಿಗೂ ಹೇಳಿದೆ, ಕೆಳಗಿನ ಸಾಲು, ಬಿಳಿ ಗೆರೆ, ಎಲ್ಲ. ಅವರು ಟೀ ಲೋಟವನ್ನೇ ನೋಡುತ್ತ ಕೇಳಿಸಿಕೊಂಡರು. ಹಾಗಾದರೆ ಮುಂದಿನ ಕೋಣೆಯಲ್ಲಿ ಯಾಕೆ ಮಲಗುತ್ತೀರಿ, ಅಕ್ಕ ಏನೇನೋ ತಿಳಿದುಕೊಂಡಿದ್ದಾಳೆ ಎಂದು ನಾನು ಕೇಳಿಯೇಬಿಟ್ಟೆ.

“ಗಾಯ ಇನ್ನೂ ಹಸಿ ಇದೆಯಲ್ಲ ಅವಳ ಬಾಯಲ್ಲಿ. ನಾನು ಪಕ್ಕದಲ್ಲಿ ಉಸಿರು ಬಿಟ್ರೂ ಎಲ್ಲಿ ತಾಗುತ್ತೋ ಅಂತ ಭಯ. ಒಂದು ಸಲ ಕೊಟ್ಟಿದ್ದು ಸಾಲದಾ?”

ಅಸಹ್ಯವಲ್ಲ ಅಕ್ಕಾ. ಆರು ತಿಂಗಳಿನಿಂದ ಆ ಮನುಷ್ಯ ತಾನೇ ನಿನಗೆ ವಿಷ ಹಾಕಿದೆ ಎಂದುಕೊಂಡು ಬೇರೆ ತಟ್ಟೆಯಲ್ಲಿ ಉಣ್ಣುತ್ತಿದ್ದಾರೆ. ನಿನ್ನ ಆಪರೇಷನ್ನಿನ ಬೆಳಗ್ಗೆಯೇ ತಂಬಾಕು ಬಿಟ್ಟರಂತೆ. ಯಾರಿಗೂ ಹೇಳಲಿಲ್ಲ, ಹೇಳಿದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ ಅಂತ. ನೀನು ಅವರ ಮುಖ ತಿರುಗುವುದನ್ನು ನೋಡಿದೆ, ಅವರು ನಿನ್ನ ಬಾಯಿಯನ್ನು ನೋಡಲಾರದೆ ತಿರುಗಿದರು. ಒಂದೇ ಮನೆಯಲ್ಲಿ ಇಬ್ಬರೂ ಇಷ್ಟು ದಿನ ಹೇಗೆ ಹೊತ್ತು ಕಳೆದಿರಿ ಎಂದು ಯೋಚಿಸಿದರೆ ನನಗೇ ಸುಸ್ತಾಗುತ್ತದೆ. ಇದನ್ನು ಅಕ್ಕನಿಗೆ ಹೇಳಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡರು. ಕೊಟ್ಟೆ. ಈಗ ಮುರಿಯುತ್ತಿದ್ದೇನೆ. ಟೀ ಆರಿಹೋಗಿತ್ತು, ಇನ್ನೊಂದು ತರಿಸಿ ಕುಡಿಸಿ ಅವರನ್ನು ಬಸ್ಸಿಗೆ ಹತ್ತಿಸಿ ಬಂದೆ.

ಇನ್ನು ನಿನ್ನ ‘ಸಾಕು’ ಎನ್ನುವ ಮಾತು. ಓದಿದಾಗ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ನಾಲಗೆಯ ಅರ್ಧ ಕೊಟ್ಟು, ಕತ್ತಿಗೆ ವಿಕಿರಣದ ಕರೆಂಟು ಕೊಡಿಸಿಕೊಂಡು, ಉಗುಳು ಒಣಗಿದ ಬಾಯಲ್ಲಿ ಅರೆದ ಊಟವನ್ನು ಚಮಚ ಚಮಚವಾಗಿ ನುಂಗುತ್ತ, ಬಸ್ ನಿಲ್ದಾಣದ ಪಾರ್ಸೆಲ್ ಕೋಣೆಯಲ್ಲಿ ಕೂತು ಮೈಕಿನಲ್ಲಿ ಬೇರೆ ಹುಡುಗಿಯ ದನಿ ಕೇಳಿಸಿಕೊಂಡವಳು ನೀನು. ಸಾಕು ಎನ್ನುವ ಹಕ್ಕು ನಿನಗಲ್ಲದೆ ಇನ್ಯಾರಿಗಿದೆ? ನೀನು ಬೇಡವೆಂದರೆ ನಾನು ರಜೆ ಹಾಕಿ ಬಂದು ನಿನ್ನ ಪಕ್ಕ ಇರುತ್ತೇನೆ, ಔಷಧಿಯ ಮಾತೇ ಎತ್ತುವುದಿಲ್ಲ. ಆದರೆ ಸಿಟ್ಟಿನಲ್ಲಿ ಬೇಡವೆನ್ನಬೇಡ. ಗಂಡನಿಗೇ ನಾನು ಬೇಡವಾದೆ ಎಂದುಕೊಂಡು ಬೇಡವೆಂದಿದ್ದರೆ, ಆ ಲೆಕ್ಕ ತಪ್ಪು ಎಂದು ಈಗ ಗೊತ್ತಾಯಿತು. ಇನ್ನೊಮ್ಮೆ ಯೋಚಿಸು. ಅಷ್ಟೇ ಕೇಳುತ್ತೇನೆ.

ಹೊಗೆಯ ವಾಸನೆ ಈ ಕೋಣೆಗೂ ಬರುತ್ತಿದೆ, ಕಣ್ಣು ಉರಿಯುತ್ತಿದೆ. ನಿಲ್ಲಿಸುತ್ತೇನೆ.

ನೀನು ಎತ್ತಿ ಆಡಿಸಿದ,
ಪುಟ್ಟಿ

ತಾ.ಕ.: ಭಾವನನ್ನು ಕ್ಯಾಂಟೀನಿನಿಂದ ಬಸ್ಸಿಗೆ ಹತ್ತಿಸಿದೆ ಎಂದು ಮೇಲೆ ಬರೆದೆ. ನಡುವೆ ನಡೆದದ್ದನ್ನು ಬಿಟ್ಟಿದ್ದೇನೆ. ಟೀ ಜೊತೆ ಬನ್ನು ತರಿಸಿದ್ದೆ. ಅವರು ಅದನ್ನು ಚೂರು ಚೂರು ಮಾಡಿ ತುಟಿಯ ಸಂದಿಯಿಂದ ಒಳಗೆ ತಳ್ಳುತ್ತಿದ್ದರು. ಬಾಯಿ ತೆಗೆಯಿರಿ ಭಾವಾ ಎಂದರೆ ಎರಡು ಬೆರಳು ಹಿಡಿಸುವಷ್ಟೂ ತೆರೆಯಲಿಲ್ಲ. ಹಾಗೇ ಕೈಹಿಡಿದು ನಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬಲಗೆನ್ನೆಯೊಳಗಿಂದ ಪರೀಕ್ಷೆಗೆಂದು ಒಂದು ಚೂರು ತೆಗೆದು ಹೊಲಿಗೆ ಹಾಕಿದ್ದಾರೆ. ಹಲ್ಲು ಕೀಳಿಸಿದೆ ಅಂತ ನಿನಗೆ ಹೇಳಿರುತ್ತಾರೆ, ನಂಬಬೇಡ. ಅದು ಏನೆಂದು ಇನ್ನೂ ಗೊತ್ತಿಲ್ಲ. ಬರುವ ಮಂಗಳವಾರ ಹತ್ತು ಗಂಟೆಗೆ, ಎರಡನೆಯ ಮಹಡಿಯಲ್ಲಿ ಹೇಳುತ್ತಾರೆ. ತಾನು ಬರುವುದಿಲ್ಲ, ಬಂದದ್ದು ಬರಲಿ ಎನ್ನುತ್ತಿದ್ದಾರೆ. ಒಬ್ಬರನ್ನೇ ಬಿಟ್ಟರೆ ಬಸ್ಸು ಹತ್ತಿ ಎಲ್ಲೋ ಇಳಿದುಬಿಡುತ್ತಾರೆ. ನೀನೇ ಕರೆದುಕೊಂಡು ಬಾ. ನಿನ್ನ ಡಾಕ್ಟರು ಕೂರುವುದು ಅದರ ಕೆಳಗಿನ ಮಹಡಿಯಲ್ಲಿ. ಅದೇ ದಿನ ಹನ್ನೊಂದಕ್ಕೆ ನಿನ್ನ ಹೆಸರನ್ನೂ ಬರೆಸಿದ್ದೇನೆ, ನಿನ್ನನ್ನು ಕೇಳದೆ.